ಸೂಟ್‌ಕೇಸ್ ಮುರಿದದ್ದು ಹಡಗಿನಲ್ಲೋ, ವಿಮಾನದಲ್ಲೋ?

ಪ್ರಶ್ನೆ: ಸರ್, ನಾನು, ನಮ್ಮ ಯಜಮಾನರು, ಮಗಳು, ಅತ್ತೆ, ಮಾವ ಸೇರಿ ಐದು ಜನ ಬಾರ್ಸಿಲೋನಾದಿಂದ ಏಳು ರಾತ್ರಿಯ ಕ್ರೂಸ್‌ಗೆ ಹೋಗಿದ್ದೆವು. ಮಾರ್ಸೇ, ಜಿನೋವಾ, ನೇಪಲ್ಸ್ ಎಲ್ಲ ಸುತ್ತಿ ಮತ್ತೆ ಬಾರ್ಸಿಲೋನಾದಲ್ಲೇ ಇಳಿದೆವು. ಕೊನೆಯ ರಾತ್ರಿ ಅವರು ಹೇಳಿದ ಹಾಗೆ ಬ್ಯಾಗುಗಳನ್ನೆಲ್ಲ ಕ್ಯಾಬಿನ್ ಹೊರಗೆ ಇಟ್ಟಿದ್ದೆವು. ಬೆಳಿಗ್ಗೆ ಟರ್ಮಿನಲ್‌ನಲ್ಲಿ ನೋಡಿದರೆ ಅತ್ತೆಯ ದೊಡ್ಡ ಸೂಟ್‌ಕೇಸಿನ ಒಂದು ಚಕ್ರವೇ ಇಲ್ಲ, ಆ ಮೂಲೆಯಲ್ಲಿ ಬಿರುಕು ಬೇರೆ. ವಿಮಾನಕ್ಕೆ ತಡವಾಗುತ್ತೆ ಅಂತ ಯಾರಿಗೂ ಹೇಳದೆ ಟ್ಯಾಕ್ಸಿ ಹತ್ತಿದೆವು. ಏರ್‌ಪೋರ್ಟ್ ಕೌಂಟರಿನವರು ‘ಇದು ಮೊದಲೇ ಡ್ಯಾಮೇಜ್ ಆಗಿದೆ’ ಅಂತ ಟ್ಯಾಗಿನ ಮೇಲೆ ಗುರುತು ಮಾಡಿ ನಮ್ಮ ಸಹಿ ಹಾಕಿಸಿಕೊಂಡರು. ಮೈಸೂರಿಗೆ ಬಂದು ತೆಗೆದರೆ ಒಳಗೆಲ್ಲ ಮುಗ್ಗಲು ವಾಸನೆ. ಅತ್ತೆಯ ಎರಡು ಮೈಸೂರು ಸಿಲ್ಕ್ ಸೀರೆಗಳಲ್ಲಿ ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿದೆ. ಸೂಟ್‌ಕೇಸ್ ಬಗ್ಗೆ ಹಡಗಿನ ಕಂಪನಿಗೆ ಮೇಲ್ ಮಾಡಿದ್ದಕ್ಕೆ ‘ಇದು ಮಾಮೂಲಿ ಸವೆತ, ಅಲ್ಲದೆ ನೀವು ಟರ್ಮಿನಲ್‌ನಲ್ಲೇ ಹೇಳಬೇಕಿತ್ತು’ ಅಂತ ಉತ್ತರ ಬಂತು. ವಿಮಾನದವರು ನಮ್ಮ ಸಹಿ ತೋರಿಸುತ್ತಾರೆ. ಇನ್ಶೂರೆನ್ಸ್‌ನವರು ಡ್ಯಾಮೇಜ್‌ಗೆ ಕವರ್ ಇಲ್ಲ ಅಂತಾರೆ. ಏಜೆಂಟ್ ಫೋನೇ ಎತ್ತುತ್ತಿಲ್ಲ. ಇಳಿದು ಇವತ್ತಿಗೆ 11 ದಿನ. ಪಕ್ಕದ ಮನೆಯವರು ‘ಕ್ರೂಸ್‌ನವರು ಹೊಸ ಸೂಟ್‌ಕೇಸೇ ಕೊಡ್ತಾರೆ, ಗಲಾಟೆ ಮಾಡಬೇಕಷ್ಟೆ’ ಅಂತಾರೆ. ನಿಜವಾ? ಆ ಟ್ಯಾಗಿಗೆ ಸಹಿ ಹಾಕಿ ನಮ್ಮ ಕೈ ನಾವೇ ಕಟ್ಟಿಕೊಂಡೆವಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಇಲ್ಲ, ಕೈ ಕಟ್ಟಿಕೊಂಡಿಲ್ಲ. ನೀವು ಯಾವ ಸಹಿಗೆ ಹೆದರುತ್ತಿದ್ದೀರೋ ಅದೇ ನಿಮ್ಮ ಹತ್ತಿರ ಇರುವ ಒಳ್ಳೆಯ ಸಾಕ್ಷಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಆದರೆ ಒಂದು ಕೆಲಸಕ್ಕೆ ನಾಲ್ಕೇ ದಿನ ಉಳಿದಿತ್ತು. ಹಾಗಾಗಿ ಪತ್ರ ಓದಿದ ದಿನವೇ ಈ ಓದುಗರಿಗೆ ಫೋನ್ ಮಾಡಿ, ಸೀರೆಯ ವಿಷಯವನ್ನು ಹಡಗಿನ ಕಂಪನಿಗೆ ಇವತ್ತೇ ಬರೆಯಿರಿ ಅಂದೆ. ಬರೆದಿದ್ದಾರೆ. ಉಳಿದದ್ದನ್ನು ಎಲ್ಲರಿಗೂ ಉಪಯೋಗವಾಗಲಿ ಅಂತ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಒಂಬತ್ತು ವರ್ಷ ಹಡಗುಗಳಲ್ಲಿ ಗೆಸ್ಟ್ ಸರ್ವಿಸಸ್ ಕೌಂಟರಿನಲ್ಲಿ ಕೂತವನು. ಕರಾವಳಿಯ ಕಡೆ ಮನೆಗೊಬ್ಬ ಹಡಗಿನವ ಇರುತ್ತಾನೆ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆ ಪಾಲು ನನಗೆ ಬಂತು. ನಿಮಗೆ ಬಂದಂಥ ‘ಮಾಮೂಲಿ ಸವೆತ’ ಮೇಲನ್ನು ನಾನೇ ಎಷ್ಟು ಜನಕ್ಕೆ ಕಳಿಸಿದ್ದೇನೋ ಲೆಕ್ಕವಿಲ್ಲ. ಅದು ಸಿದ್ಧ ಇರುವ ಉತ್ತರ. ಹೆಸರು, ಕ್ಯಾಬಿನ್ ನಂಬರ್ ತುಂಬಿದರೆ ಮುಗಿಯಿತು, ಫೋಟೋ ತೆರೆದು ನೋಡಿರುವುದಿಲ್ಲ. ಹಾಗಾಗಿ ಮೊದಲ ಉತ್ತರವನ್ನು ತೀರ್ಪು ಅಂದುಕೊಳ್ಳಬೇಡಿ. ಎರಡನೇ ಮೇಲ್ ಬಂದರೆ ಮಾತ್ರ ಒಬ್ಬ ಮನುಷ್ಯ ಕೂತು ಓದುತ್ತಾನೆ.

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ. ನಾಲ್ಕು ಕಡೆಯವರೂ ‘ನಮ್ಮದಲ್ಲ’ ಅಂತಿದ್ದಾರೆ. ಇಂಥ ಜಗಳದಲ್ಲಿ ಯಾರದು ತಪ್ಪು ಅನ್ನೋದಕ್ಕಿಂತ ಮೊದಲು ಕೇಳಬೇಕಾದದ್ದು, ಮುರಿದಾಗ ಬ್ಯಾಗ್ ಯಾರ ಕೈಯಲ್ಲಿತ್ತು ಅನ್ನೋದು. ಕ್ರೂಸ್‌ನಲ್ಲಿ ಒಂದು ಸೂಟ್‌ಕೇಸ್ ಎಷ್ಟು ಕೈ ಬದಲಾಯಿಸುತ್ತದೆ ಅಂತ ನೋಡಿದರೆ ನಿಮಗೇ ಅರ್ಥವಾಗುತ್ತದೆ.

ಹತ್ತುವ ದಿನ ಟರ್ಮಿನಲ್ ಬಾಗಿಲಲ್ಲಿ ಪೋರ್ಟರ್‌ಗಳಿಗೆ ಬ್ಯಾಗ್ ಕೊಡುತ್ತೀರಿ. ಕ್ಯಾಬಿನ್ ನಂಬರಿನ ಕಾಗದದ ಟ್ಯಾಗನ್ನು ಹಿಡಿಗೆ ಸುತ್ತಿ ಸ್ಟೇಪಲ್ ಹೊಡೆಯುತ್ತಾರೆ. ಸ್ಕ್ಯಾನರ್ ದಾಟಿದ ಮೇಲೆ ಅದು ಕಬ್ಬಿಣದ ದೊಡ್ಡ ಪಂಜರಕ್ಕೆ ಬೀಳುತ್ತದೆ. ಹಡಗಿನ ಭಾಷೆಯಲ್ಲಿ ಇದಕ್ಕೆ ಕೇಜ್ ಅಂತಾರೆ. ಅದನ್ನು ಫೋರ್ಕ್‌ಲಿಫ್ಟ್ ಎತ್ತಿ ಹಡಗಿನ ಪಕ್ಕದ ಬಾಗಿಲಲ್ಲಿ ಇಡುತ್ತದೆ. ಅಲ್ಲಿಂದ ಹುಡುಗರು ಲಿಫ್ಟ್‌ನಲ್ಲಿ ಹಾಕಿ ನಿಮ್ಮ ಬಾಗಿಲ ಮುಂದೆ ತಂದಿಡುತ್ತಾರೆ. ಕೊನೆಯ ರಾತ್ರಿ ಇದೇ ದಾರಿ ಹಿಂದುಮುಂದಾಗಿ ನಡೆಯುತ್ತದೆ. ಹಡಗಿನಲ್ಲಿ ಮೂರು ಸಾವಿರ ಜನ ಇದ್ದಾರೆ ಅಂದುಕೊಳ್ಳಿ. ತಲೆಗೆ ಎರಡು ಬ್ಯಾಗ್ ಹಿಡಿದರೂ ಆರು ಸಾವಿರ ಇಳಿಯಬೇಕು, ಅದೇ ದಿನ ಸಂಜೆಯೊಳಗೆ ಹೊಸಬರ ಆರು ಸಾವಿರ ಹತ್ತಬೇಕು. ರಾತ್ರಿ ಹನ್ನೊಂದರಿಂದ ಬೆಳಗಿನ ಜಾವದ ತನಕ ಎತ್ತುತ್ತಲೇ ಇರುವ ಹುಡುಗರು ಹಗಲು ಬೇರೆ ಕೆಲಸ ಮಾಡಿ ಬಂದವರು. ಯಾರೂ ಬೇಕು ಅಂತ ಎಸೆಯುವುದಿಲ್ಲ. ಆದರೆ ಯಾರೂ ಮೆಲ್ಲಗೆ ಇಡುವುದೂ ಇಲ್ಲ.

ಚಕ್ರ ಮುರಿಯುವುದು ಈ ಕೇಜ್‌ನಲ್ಲೇ ಜಾಸ್ತಿ. ನಾಲ್ಕು ಚಕ್ರ ಸುತ್ತಲೂ ತಿರುಗುವ ಸೂಟ್‌ಕೇಸುಗಳಲ್ಲಿ ಚಕ್ರಗಳು ಪೆಟ್ಟಿಗೆಯಿಂದ ಪೂರ್ತಿ ಹೊರಗೆ ಚಾಚಿಕೊಂಡಿರುತ್ತವೆ. ಅಡ್ಡ ಮಲಗಿಸಿ ಒಂದರ ಮೇಲೊಂದು ಪೇರಿಸಿದಾಗ ಅವು ಕೇಜಿನ ಸರಳಿಗೋ ಪಕ್ಕದ ಬ್ಯಾಗಿನ ಹಿಡಿಗೋ ಸಿಕ್ಕಿಕೊಳ್ಳುತ್ತವೆ. ಅದನ್ನು ಎಳೆದಾಗ ಮೇಲಿನ ಇಪ್ಪತ್ತು-ಇಪ್ಪತ್ತೈದು ಕಿಲೋ ಭಾರ ಪೂರ್ತಿ ಆ ಸಣ್ಣ ಕಡ್ಡಿಯ ಮೇಲೆ ಬೀಳುತ್ತದೆ. ಚಕ್ರ ಒಂದೇ ಕಿತ್ತು ಬರುವುದಿಲ್ಲ, ಅದನ್ನು ಕೂರಿಸಿದ ಮೂಲೆಯನ್ನೂ ಸೀಳಿಕೊಂಡು ಬರುತ್ತದೆ. ನಿಮ್ಮ ಫೋಟೋದಲ್ಲಿ ಇರುವುದು ಇದೇ. ‘ಮಾಮೂಲಿ ಸವೆತ’ ಅಂದರೆ ಗೀರು, ಬಣ್ಣ ಹೋದದ್ದು, ಕೊಳೆ, ಚಕ್ರದ ರಬ್ಬರ್ ಸವೆದದ್ದು. ಮೂಲೆ ಬಿರುಕು ಬಿಟ್ಟು ಚಕ್ರ ಬೇರು ಸಮೇತ ಹೋದದ್ದು ಸವೆತವಲ್ಲ, ಪೆಟ್ಟು. ಎರಡನೇ ಮೇಲಿನಲ್ಲಿ ಈ ವ್ಯತ್ಯಾಸವನ್ನು ಒಂದು ವಾಕ್ಯದಲ್ಲಿ ಬರೆದು, ಬಿರುಕಿನ ಹತ್ತಿರದ ಫೋಟೋ ಹಾಕಿ.

ಒದ್ದೆಗೆ ಕಾರಣಗಳು ಬೇರೆ. ಕೇಜ್‌ಗಳು ಮೇಲೆ ತೆರೆದಿರುತ್ತವೆ. ಮಳೆ ಬಂದರೆ ದಕ್ಕೆಯ, ಅಂದರೆ ಬಂದರುಕಟ್ಟೆಯ ಮೇಲೆ ನಿಂತಷ್ಟು ಹೊತ್ತೂ ನೆನೆಯುತ್ತವೆ. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಾದರೆ ನೀರು ಹೋಗಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಪ್ಲಾಸ್ಟಿಕ್ ಒಳಗೆ ಬಿಡದಿದ್ದರೇನು, ಝಿಪ್ ಬಿಡುತ್ತದೆ. ಮೇಲಾಗಿ ನಿಮ್ಮದರಲ್ಲಿ ಬಿರುಕೂ ಇತ್ತು. ಇನ್ನೊಂದು ಕಾರಣ ಮೆಡಿಟರೇನಿಯನ್ ಕಡೆ ತುಂಬಾ ನೋಡಿದ್ದೇನೆ. ಜನ ಇಟಲಿಯಲ್ಲಿ ಆಲಿವ್ ಎಣ್ಣೆ, ವೈನ್ ಕೊಂಡು ಬ್ಯಾಗಿನಲ್ಲಿ ತುರುಕುತ್ತಾರೆ. ಮೇಲಿನ ಬ್ಯಾಗಿನ ಬಾಟಲಿ ಒಡೆದರೆ ಕೆಳಗಿನ ಮೂರು ಬ್ಯಾಗಿಗೆ ಅಭಿಷೇಕ. ನಾವೂ ಕಡಿಮೆಯೇನಲ್ಲ. ನನ್ನ ಕೌಂಟರಿಗೆ ಒಮ್ಮೆ ಒಬ್ಬರು ಜರ್ಮನ್ ಅಜ್ಜಿ ತಮ್ಮ ಬಿಳಿ ಕೋಟು ತಂದು ತೋರಿಸಿದರು. ಅದರ ಮೇಲಿದ್ದದ್ದು ಎಂಥ ಕಲೆ ಅಂತ ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನನಗೆ ಮೂಗಿಗೇ ಗೊತ್ತಾಯಿತು, ಮಿಡಿ ಉಪ್ಪಿನಕಾಯಿ. ಸುಮ್ಮನಿದ್ದೆ.

ಅದಕ್ಕೇ ನೀವು ಮೊದಲು ಮೂಸಿ ನೋಡಿ. ಎಣ್ಣೆ ಜಿಡ್ಡಿದೆಯಾ, ವೈನ್ ವಾಸನೆಯಾ, ಬರೀ ನೀರಿನ ಮುಗ್ಗಲಾ? ನಿಮ್ಮದೇ ಶಾಂಪೂ ಬಾಟಲಿ, ಚಟ್ನಿ ಡಬ್ಬಿ ಸೋರಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಯಾಕೆಂದರೆ ಅವರು ಕೇಳುವ ಮೊದಲ ಪ್ರಶ್ನೆ ಅದೇ. ಪೆಟ್ಟಿಗೆಯ ಒಳಬಟ್ಟೆಯಲ್ಲಿ ನೀರಿನ ಗುರುತು ಬಿರುಕಿನ ಮೂಲೆಯಿಂದ ಶುರುವಾಗಿ ಒಳಗೆ ಹರಡಿದ್ದರೆ ಅದರ ಫೋಟೋ ತೆಗೆಯಿರಿ. ಚಕ್ರಕ್ಕೂ ಸೀರೆಗೂ ಸಂಬಂಧ ಕಟ್ಟುವುದು ಆ ಒಂದು ಫೋಟೋ.

ಈಗ ಕಾನೂನು. ಬೇಜಾರಿನ ಭಾಗ, ಆದರೆ ನಿಮ್ಮ ಬಲ ಇರುವುದು ಇಲ್ಲೇ.

ಸಮುದ್ರ ಪ್ರಯಾಣಿಕರಿಗೆ ಅಥೆನ್ಸ್ ಒಪ್ಪಂದ ಅಂತ ಒಂದಿದೆ. 1974ರದ್ದು, 2002ರಲ್ಲಿ ತಿದ್ದಿದರು. ಯುರೋಪಿಯನ್ ಒಕ್ಕೂಟ ಅದನ್ನು 392/2009 ಅನ್ನುವ ತನ್ನ ನಿಯಮದ ಮೂಲಕ 2012ರ ಡಿಸೆಂಬರ್ 31ರಿಂದ ಜಾರಿಗೆ ತಂದಿದೆ. ನಿಮ್ಮ ಪ್ರಯಾಣ ಬಾರ್ಸಿಲೋನಾದಲ್ಲಿ ಶುರುವಾಗಿ, ಬೇರೆ ದೇಶದ ಬಂದರುಗಳನ್ನು ಮುಟ್ಟಿ, ಬಾರ್ಸಿಲೋನಾದಲ್ಲೇ ಮುಗಿದಿದೆ. ಹಾಗಾಗಿ ನೀವು ಭಾರತದವರಾದರೂ, ಟಿಕೆಟ್ ಬೆಂಗಳೂರಿನಲ್ಲಿ ಕೊಂಡಿದ್ದರೂ ಈ ನಿಯಮ ನಿಮಗೆ ಅನ್ವಯಿಸುತ್ತದೆ. ಇದರ ಪ್ರಕಾರ ಸಿಗಬೇಕಾದದ್ದನ್ನು ಟಿಕೆಟ್ಟಿನ ಸಣ್ಣಕ್ಷರದಲ್ಲಿ ಮೊದಲೇ ಕಿತ್ತುಕೊಳ್ಳುವ ಹಾಗಿಲ್ಲ. ‘ನಾವು ಯಾವುದಕ್ಕೂ ಹೊಣೆಯಲ್ಲ’ ಅಂತ ಅವರು ಬರೆದುಕೊಂಡರೆ ಆ ಸಾಲಿಗೆ ಬೆಲೆ ಇಲ್ಲ.

ಒಪ್ಪಂದ ಲಗೇಜನ್ನು ಎರಡು ಥರ ಮಾಡುತ್ತದೆ. ಕ್ಯಾಬಿನ್‌ನಲ್ಲಿ ಅಥವಾ ನಿಮ್ಮ ವಶದಲ್ಲೇ ಇರುವುದು ಒಂದು. ಕಂಪನಿಯ ಕೈಗೆ ಒಪ್ಪಿಸಿದ್ದು ಇನ್ನೊಂದು. ನಿಮ್ಮ ವಶದಲ್ಲಿದ್ದಾಗ ಹಾಳಾದರೆ ಅವರ ತಪ್ಪು ಅಂತ ನೀವು ತೋರಿಸಬೇಕು. ಅವರ ವಶದಲ್ಲಿದ್ದಾಗ ಹಾಳಾದರೆ ತಮ್ಮ ತಪ್ಪಿಲ್ಲ ಅಂತ ಅವರು ತೋರಿಸಬೇಕು. ರಾತ್ರಿ ಬಾಗಿಲ ಹೊರಗಿಂದ ಅವರು ಎತ್ತಿಕೊಂಡು ಹೋದ ಬ್ಯಾಗು ಎರಡನೇ ಥರದ್ದು ಅಂತ ನನ್ನ ಓದು. ಅದನ್ನು ಅವರು ವಹಿಸಿಕೊಂಡ ಗಳಿಗೆಯಿಂದ ತಿರುಗಿ ಒಪ್ಪಿಸುವ ತನಕ ಅವರದೇ ಹೊಣೆ. ದಡದ ಮೇಲಿನ ಹೊತ್ತೂ ಇದರಲ್ಲಿ ಸೇರಿದೆ. ‘ಟರ್ಮಿನಲ್ ಪೋರ್ಟರ್‌ಗಳು ನಮ್ಮವರಲ್ಲ, ಬಂದರಿನವರು’ ಅಂತ ನಾವು ಕೌಂಟರಿನಲ್ಲಿ ಹೇಳುತ್ತಿದ್ದೆವು. ಕೇಳೋಕೆ ಚೆನ್ನಾಗಿರುತ್ತದೆ. ಆದರೆ ಕಂಪನಿಯ ಪರವಾಗಿ ಕೆಲಸ ಮಾಡುವವರಿಗೂ ಕಂಪನಿಯೇ ಹೊಣೆ.

ಇಲ್ಲಿ ನಿಮ್ಮ ದುರ್ಬಲ ಜಾಗವನ್ನೂ ಹೇಳಿಬಿಡುತ್ತೇನೆ. ಕಣ್ಣಿಗೆ ಕಾಣುವ ಹಾನಿಯನ್ನು ಬ್ಯಾಗ್ ಕೈಗೆ ಸಿಕ್ಕಾಗಲೇ ಬರೆದು ತಿಳಿಸಬೇಕು. ನೀವು ತಿಳಿಸಲಿಲ್ಲ. ಹಾಗೆ ತಿಳಿಸದಿದ್ದರೆ ಬ್ಯಾಗು ಸರಿಯಾಗಿಯೇ ಸಿಕ್ಕಿತ್ತು ಅಂತ ಕಾನೂನು ಅಂದುಕೊಳ್ಳುತ್ತದೆ. ಆದರೆ ಅದು ಅಂದುಕೊಳ್ಳುವುದಷ್ಟೆ. ‘ಬೇರೆ ಥರ ಸಾಬೀತಾಗುವ ತನಕ’ ಅನ್ನುವ ಮಾತೂ ಅಲ್ಲೇ ಇದೆ. ಅಂದರೆ ಬಾಗಿಲು ಮುಚ್ಚಿದ್ದಾರೆ, ಅಗಳಿ ಹಾಕಿಲ್ಲ.

ಆ ಬಾಗಿಲು ತಳ್ಳುವುದು ನಿಮ್ಮ ಸಹಿ ಇರುವ ಟ್ಯಾಗ್. ಅದರಲ್ಲಿ ಏನಿದೆ? ಆ ದಿನದ ತಾರೀಖು, ವಿಮಾನದ ನಂಬರು, ಬ್ಯಾಗು ಮೊದಲೇ ಮುರಿದಿತ್ತು ಅನ್ನುವ ಗುರುತು. ಬರೆದವರು ನೀವಲ್ಲ, ನಿಮಗೂ ಹಡಗಿಗೂ ಸಂಬಂಧ ಇಲ್ಲದ ಮೂರನೆಯವರು. ಹಡಗಿನಿಂದ ಇಳಿದು ಕೆಲವೇ ಗಂಟೆಗಳಲ್ಲಿ, ನಡುವೆ ಒಂದು ಟ್ಯಾಕ್ಸಿ ಬಿಟ್ಟರೆ ಏನೂ ಇಲ್ಲದಿದ್ದಾಗ, ಬ್ಯಾಗು ಮುರಿದಿತ್ತು ಅಂತ ಅವರು ಬರೆದುಕೊಟ್ಟಿದ್ದಾರೆ. ವಿಮಾನದವರು ತಮ್ಮನ್ನು ಕಾಪಾಡಿಕೊಳ್ಳಲು ಬರೆಸಿದ ಸಾಲು ಹಡಗಿನವರನ್ನು ಸಿಕ್ಕಿಸುತ್ತದೆ. ಆ ಟ್ಯಾಗಿನ ತುಂಡು ಇನ್ನೂ ಸೂಟ್‌ಕೇಸಿಗೆ ಅಂಟಿಕೊಂಡಿದ್ದರೆ ಕೀಳಬೇಡಿ. ಹಾಗೇ ಫೋಟೋ ತೆಗೆಯಿರಿ. ಟ್ಯಾಕ್ಸಿ ರಸೀದಿ ಫೋನಿನಲ್ಲಿದ್ದರೆ ಅದನ್ನೂ ಸೇರಿಸಿ, ಸಮಯದ ಕೊಂಡಿ ಪೂರ್ತಿಯಾಗುತ್ತದೆ. ಹತ್ತುವ ದಿನ ಎಲ್ಲರೂ ಲಗೇಜ್ ಜೊತೆ ನಿಂತು ಒಂದು ಫೋಟೋ ತೆಗೆಸಿಕೊಂಡೇ ಇರುತ್ತೀರಿ, ಅಲ್ವಾ? ಅದರಲ್ಲಿ ನಾಲ್ಕು ಚಕ್ರವೂ ಕಂಡರೆ ಇನ್ನೇನು ಬೇಕು.

ಸೀರೆಯ ವಿಷಯ ಇನ್ನೂ ಚೆನ್ನಾಗಿದೆ. ಅದು ಹೊರಗಿನಿಂದ ಕಾಣದ ಹಾನಿ. ಅಂಥದ್ದಕ್ಕೆ ಬ್ಯಾಗು ಕೈಗೆ ಸಿಕ್ಕಿದ ದಿನದಿಂದ 15 ದಿನ ಸಮಯ ಇದೆ. ನಾನು ಫೋನ್ ಮಾಡಿದ್ದು ಇದಕ್ಕೇ. ನಿಮ್ಮ ಮೊದಲ ಮೇಲಿನಲ್ಲಿ ಸೀರೆಯ ಸುದ್ದಿಯೇ ಇರಲಿಲ್ಲ, ಅದು ವಿಮಾನದಲ್ಲಿ ಆದದ್ದು ಅಂದುಕೊಂಡಿದ್ದಿರಿ. ಆಗಿರಲೂಬಹುದು, ಅದನ್ನು ಅವರು ವಾದಿಸಿಯೇ ವಾದಿಸುತ್ತಾರೆ. ಅದಕ್ಕೇ ಬಿರುಕಿನಿಂದ ಶುರುವಾದ ನೀರಿನ ಗುರುತು ಮುಖ್ಯ ಅಂದದ್ದು.

ವಿಮಾನದ ಕಡೆ ಬಾಗಿಲು ಮುಚ್ಚಿದೆ, ಅಗಳಿಯೂ ಬಿದ್ದಿದೆ. ಅಂತರರಾಷ್ಟ್ರೀಯ ವಿಮಾನಗಳಿಗೆ ಮಾಂಟ್ರಿಯಲ್ ಒಪ್ಪಂದ ಇದೆ, ಭಾರತವೂ 2009ರಿಂದ ಅದರಲ್ಲಿದೆ. ಹಾನಿಯಾದ ಬ್ಯಾಗಿಗೆ ಏಳು ದಿನದೊಳಗೆ ಬರೆದು ದೂರು ಕೊಡಬೇಕು. ಕೊಡದಿದ್ದರೆ ಅಲ್ಲಿಗೆ ಮುಗಿಯಿತು. ಹಡಗಿನ ನಿಯಮದ ಹಾಗೆ ‘ಸಾಬೀತಾಗುವ ತನಕ’ ಅನ್ನುವ ಸಂದು ಅಲ್ಲಿಲ್ಲ. ಆ ಕಡೆ ಮೇಲ್ ಬರೆದು ಶಕ್ತಿ ಕಳೆಯಬೇಡಿ.

ಇನ್ಶೂರೆನ್ಸ್‌ನವರು ಹೇಳಿದ್ದು ಬಹುಪಾಲು ನಿಜ. ನಮ್ಮಲ್ಲಿ ಮಾರುವ ವಿದೇಶ ಪ್ರವಾಸದ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಬ್ಯಾಗು ಪೂರ್ತಿ ಕಳೆದುಹೋದರೆ ಅಥವಾ ತುಂಬಾ ತಡವಾಗಿ ಬಂದರೆ ಮಾತ್ರ ದುಡ್ಡು. ಮುರಿದರೆ ಇಲ್ಲ. ಕೆಲವದರಲ್ಲಿ ಲಗೇಜ್ ಸಾಗಿಸುವವರು ಅಂದರೆ ವಿಮಾನ ಕಂಪನಿ ಮಾತ್ರ ಅಂತಲೂ ಬರೆದಿರುತ್ತದೆ. ಕ್ರೂಸ್‌ಗೆ ಅಂತ ಬೇರೆ ಕವರ್ ತೆಗೆದುಕೊಂಡಿದ್ದೀರಾ ಅಂತ ಒಂದು ಸಲ ಪಾಲಿಸಿ ತಿರುವಿ ನೋಡಿ, ಇಲ್ಲದಿದ್ದರೆ ಮುಂದೆ ಹೋಗಿ. ಸೂಟ್‌ಕೇಸಿನ ವಾರಂಟಿಯೂ ಅಷ್ಟೇ. ಅದು ತಯಾರಿಕೆಯ ದೋಷಕ್ಕೆ, ಸಾಗಣೆಯ ಪೆಟ್ಟಿಗಲ್ಲ.

ಹಾಗಾದರೆ ಎಷ್ಟು ಸಿಗಬಹುದು? ಪಕ್ಕದ ಮನೆಯವರ ಮಾತಿಗೂ ಇಲ್ಲೇ ಉತ್ತರ ಕೊಡುತ್ತೇನೆ. ಹೊಸ ಸೂಟ್‌ಕೇಸ್ ಕೊಟ್ಟದ್ದನ್ನು ನಾನು ನೋಡಿದ್ದೇನೆ. ನಾನೇ ಕೊಟ್ಟಿದ್ದೇನೆ. ಆದರೆ ಅದು ಟರ್ಮಿನಲ್‌ನಲ್ಲೇ ಬಂದು ತೋರಿಸಿ, ಬರೆಸಿ, ನಂಬರ್ ತೆಗೆದುಕೊಂಡವರಿಗೆ. ಗಲಾಟೆ ಮಾಡಿದವರಿಗಲ್ಲ. ಗಲಾಟೆ ಮಾಡಿದವರ ಹೆಸರಿನ ಮುಂದೆ ನಾವು ಒಂದು ಸಣ್ಣ ಗುರುತು ಹಾಕಿಕೊಳ್ಳುತ್ತಿದ್ದೆವು, ಅದರಿಂದ ಅವರಿಗೆ ಏನೂ ಒಳ್ಳೆಯದಾಗುತ್ತಿರಲಿಲ್ಲ. ಮನೆಗೆ ಹೋಗಿ ಬರೆದವರಿಗೆ ಸಿಗುವುದು ಸಾಮಾನ್ಯವಾಗಿ ರಿಪೇರಿ ಖರ್ಚು, ಇಲ್ಲವಾದರೆ ಮುಂದಿನ ಕ್ರೂಸ್‌ನಲ್ಲಿ ಖರ್ಚು ಮಾಡುವ ಕ್ರೆಡಿಟ್.

ಒಪ್ಪಂದದ ಅಂಕಿ ನೋಡಿದರೆ ಆಸೆ ಹುಟ್ಟುತ್ತದೆ. ಕಂಪನಿಗೆ ಒಪ್ಪಿಸಿದ ಲಗೇಜಿಗೆ ಒಬ್ಬರಿಗೆ 3,375 ಎಸ್‌ಡಿಆರ್ ತನಕ, ಕ್ಯಾಬಿನ್ ಲಗೇಜಿಗೆ 2,250 ತನಕ. ಎಸ್‌ಡಿಆರ್ ಅನ್ನುವುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಲೆಕ್ಕದ ಅಳತೆ. ಒಂದಕ್ಕೆ ಸುಮಾರು ಒಂದೂಕಾಲರಿಂದ ಒಂದೂವರೆ ಡಾಲರ್ ಹಿಡಿಯಿರಿ. ಅಂದರೆ ಸೂಟ್‌ಕೇಸಿಗೆ ನಾಲ್ಕು ಸಾವಿರ ಡಾಲರಿಗೂ ಮೇಲೆ! ಆದರೆ ಅದು ಹೊರಗಿನ ಮಿತಿ. ನಿಮಗೆ ಸಿಗುವುದು ನಿಜವಾದ ನಷ್ಟ ಮಾತ್ರ, ಅದೂ ಹಳೆಯ ವಸ್ತುವಿನ ಇವತ್ತಿನ ಬೆಲೆ. ನಾಲ್ಕು ವರ್ಷ ಓಡಾಡಿದ ಸೂಟ್‌ಕೇಸಿಗೆ ಹೊಸದರ ಬೆಲೆ ಯಾರೂ ಕೊಡಲ್ಲ. ಇನ್ನೊಂದು ಮುಳ್ಳಿದೆ. ಟಿಕೆಟ್ಟಿನ ಕರಾರಿನಲ್ಲಿ ಬರೆದುಕೊಂಡಿದ್ದರೆ, ಒಬ್ಬ ಪ್ರಯಾಣಿಕರ ಲಗೇಜ್ ನಷ್ಟದಲ್ಲಿ ಮೊದಲ 149 ಎಸ್‌ಡಿಆರ್ ತನಕ ಕಂಪನಿ ಮುರಿದುಕೊಳ್ಳಬಹುದು. ಅದು ಇನ್ನೂರು ಡಾಲರ್ ಆಸುಪಾಸು ಆಗುತ್ತದೆ. ಒಂದು ಚಕ್ರ, ಒಂದು ಬಿರುಕು ಈ ಗೆರೆ ದಾಟುವುದೇ ಇಲ್ಲ. ಎಷ್ಟೋ ಜನ ಸರಿಯಾಗಿ ಬರೆದು, ಸರಿಯಾಗಿ ವಾದಿಸಿಯೂ ಬರಿಗೈಯಲ್ಲಿ ಉಳಿಯುವುದು ಇಲ್ಲಿ. ನಿಮ್ಮ ಕೇಸಿನಲ್ಲಿ ಗೆರೆ ದಾಟಿಸುವುದು ಸೀರೆಗಳು.

ಅದಕ್ಕೇ ಎರಡನ್ನೂ ಬೇರೆ ಬೇರೆ ಕ್ಲೇಮ್ ಮಾಡಬೇಡಿ. ಸೂಟ್‌ಕೇಸೂ ಅತ್ತೆಯದು, ಸೀರೆಯೂ ಅತ್ತೆಯದು ಅಂತ ಬರೆದಿದ್ದೀರಿ. ಅವರ ಹೆಸರಲ್ಲಿ, ಅವರ ಕ್ಯಾಬಿನ್ ನಂಬರಿನಲ್ಲಿ ಒಂದೇ ಕ್ಲೇಮ್ ಇರಲಿ. ಆಗ ಆ ಮೊತ್ತ ಒಂದೇ ಸಲ ಮುರಿಯುತ್ತದೆ. ಸೀರೆಯ ಬಿಲ್ ಇದ್ದರೆ ಸೇರಿಸಿ. ಬಿಲ್ ಇಲ್ಲದಿದ್ದರೂ ಸರ್ಕಾರಿ ರೇಷ್ಮೆ ನಿಗಮದ (ಕೆಎಸ್‌ಐಸಿ) ಸೀರೆಯಾದರೆ ಅದರಲ್ಲಿ ಕೋಡ್ ನಂಬರ್ ಇರುತ್ತದೆ, ಅದರ ಫೋಟೋ ತೆಗೆಯಿರಿ. ಇನ್ನೊಂದು ಎಚ್ಚರಿಕೆ. ಚಿನ್ನ, ಒಡವೆ, ದುಡ್ಡು, ಬೆಲೆಬಾಳುವ ವಸ್ತುಗಳನ್ನು ಕಂಪನಿಯ ಹತ್ತಿರ ಜೋಪಾನಕ್ಕೆ ಅಂತ ಕೊಟ್ಟಿಲ್ಲದಿದ್ದರೆ ಅವಕ್ಕೆ ಅವರು ಹೊಣೆಯಲ್ಲ. ನೀವು ಮೇಲಿನಲ್ಲಿ ‘ಚಿನ್ನದ ಜರಿ’ಯ ವರ್ಣನೆಗೆ ಹೋದರೆ ಆ ಮಾತನ್ನೇ ಹಿಡಿದು ಎಳೆಯುವವರು ಇದ್ದಾರೆ. ಸೀರೆ ಅಂದರೆ ಉಡುವ ಬಟ್ಟೆ. ಹಾಗೇ ಬರೆಯಿರಿ, ಬೆಲೆ ಎಷ್ಟೋ ಅಷ್ಟು ಬರೆಯಿರಿ.

ಸೀರೆಯನ್ನು ಮನೆಯಲ್ಲಿ ಒಗೆಯಲು, ಇಸ್ತ್ರಿ ಮಾಡಲು ಹೋಗಬೇಡಿ. ಬಿಸಿ ತಾಗಿದರೆ ಕಲೆ ಕೂತುಬಿಡುತ್ತದೆ. ಫೋಟೋ ತೆಗೆದ ಮೇಲೆ ಒಳ್ಳೆಯ ಡ್ರೈಕ್ಲೀನರ್ ಹತ್ತಿರ ಒಯ್ದು, ಕಲೆ ಪೂರ್ತಿ ಹೋಗುತ್ತಾ ಇಲ್ಲವಾ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ‘ಬಣ್ಣ ಹತ್ತಿದೆ, ಹೋಗುವುದಿಲ್ಲ’ ಅನ್ನುವ ಒಂದು ಸಾಲಿಗೆ ನಿಮ್ಮ ಹತ್ತು ಮೇಲಿಗಿಂತ ತೂಕ ಜಾಸ್ತಿ.

ಕಂಪನಿ ಕ್ರೆಡಿಟ್ ಕೊಡುತ್ತೇವೆ ಅಂದರೆ? ಮತ್ತೆ ಕ್ರೂಸ್ ಹೋಗುವ ಯೋಚನೆ ಇದ್ದರೆ ಮಾತ್ರ ಒಪ್ಪಿಕೊಳ್ಳಿ. ಅದನ್ನು ತೆಗೆದುಕೊಂಡ ಕೂಡಲೇ ಲೆಕ್ಕ ಚುಕ್ತಾ ಅಂತ ಅವರ ಇ-ಮೇಲ್‌ನ ಕೆಳಗಡೆ ಬರೆದಿರುತ್ತದೆ. ಅದು ಎಷ್ಟು ದಿನ ನಡೆಯುತ್ತದೆ ಅನ್ನೋದನ್ನೂ ನೋಡಿಕೊಳ್ಳಿ. ಚುಕ್ತಾ ಮಾಡಿಕೊಳ್ಳುವ ಮೊದಲು ರಿಪೇರಿ ಮತ್ತು ಡ್ರೈಕ್ಲೀನಿಂಗ್ ಖರ್ಚನ್ನು ನಗದಾಗಿ ಕೊಡಿ ಅಂತ ಒಂದು ಸಲ ಕೇಳಿ. ಕೇಳಿದವರಿಗೆ ಕೆಲವು ಸಲ ಕೊಟ್ಟದ್ದಿದೆ.

ಅವರು ಏನೂ ಕೊಡದೇ ಹೋದರೆ ಗ್ರಾಹಕರ ಆಯೋಗ ಇದ್ದೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ಮೈಸೂರಿನಲ್ಲೇ. ಐದು ಲಕ್ಷದ ತನಕ ಶುಲ್ಕವಿಲ್ಲ, ಎರಡು ವರ್ಷದ ತನಕ ಸಮಯ. ಈಗ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಫೋನ್ ಎತ್ತದ ಏಜೆಂಟರಿಗೆ ಅಲ್ಲಿಂದ ಒಂದು ಮಾತು ಹೋದರೆ ಕೆಲವು ಸಲ ಫೋನ್ ಎತ್ತುವ ಅಭ್ಯಾಸ ತಾನೇ ಬರುತ್ತದೆ. ಆದರೆ ನೇರವಾಗಿ ಹೇಳುತ್ತೇನೆ, ಬರೀ ಸೂಟ್‌ಕೇಸಿಗಾಗಿ ಕೇಸು ಹಾಕಬೇಡಿ. ವಿದೇಶಿ ಕಂಪನಿಗೆ ಇಲ್ಲಿ ಆಫೀಸಿಲ್ಲದಿದ್ದರೆ ನೋಟಿಸ್ ಮುಟ್ಟಿಸುವುದರಲ್ಲೇ ತಿಂಗಳುಗಳು ಹೋಗುತ್ತವೆ. ಟಿಕೆಟ್ಟಿನ ಕರಾರಿನಲ್ಲಿ ‘ನಮ್ಮ ಊರಿನ ಕೋರ್ಟಿಗೇ ಬನ್ನಿ’ ಅಂತಲೂ ಬರೆದಿರುತ್ತಾರೆ, ಅದನ್ನಿಟ್ಟುಕೊಂಡು ಎಳೆದಾಡುತ್ತಾರೆ. ಡ್ರೈಕ್ಲೀನರ್ ಎರಡೂ ಸೀರೆ ಹೋಯಿತು ಅಂದರೆ ಆಗ ಲೆಕ್ಕ ಬೇರೆ. ಏಜೆಂಟರನ್ನೂ ಸೇರಿಸಿ ಹಾಕಬಹುದು. ಅವರು ದುಡ್ಡು ತೆಗೆದುಕೊಂಡು ಟಿಕೆಟ್ ಕೊಟ್ಟವರು, ತೊಂದರೆ ಬಂದಾಗ ಕಂಪನಿಗೆ ದಾಟಿಸುವ ಕೆಲಸವನ್ನಾದರೂ ಮಾಡಬೇಕಿತ್ತು.

ಇದೆಲ್ಲ ಯುರೋಪಿನಿಂದ ಹೊರಟವರ ಮಾತು. ಅಮೆರಿಕ ಅಥೆನ್ಸ್ ಒಪ್ಪಂದದಲ್ಲಿ ಇಲ್ಲ. ಅಲ್ಲಿಂದ ಹೊರಡುವ ಹಡಗುಗಳಲ್ಲಿ ಟಿಕೆಟ್ಟಿನ ಕರಾರೇ ಹೆಚ್ಚುಕಡಿಮೆ ಕಾನೂನು. ಕೆಲವದರಲ್ಲಿ ಲಗೇಜಿಗೆ ಕೆಲವು ನೂರು ಡಾಲರೇ ಕೊನೆ. ಅಲ್ಲಿ ಮಕ್ಕಳ ಮನೆಗೆ ಹೋದ ಅಪ್ಪ-ಅಮ್ಮಂದಿರು ಕೆರಿಬಿಯನ್ ಕ್ರೂಸ್ ಹೋಗುವುದು ಈಗ ಜಾಸ್ತಿ. ಹತ್ತುವ ಮೊದಲು ಆ ಒಂದು ಪುಟ ಓದಿಸಿಕೊಳ್ಳಿ. ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವವರು ಟಿಕೆಟ್ಟಿನ ಕರಾರು ಮತ್ತು ನಮ್ಮ ಗ್ರಾಹಕ ಕಾಯ್ದೆ ನೋಡಿಕೊಳ್ಳಬೇಕು.

ಮುಂದಿನ ಸಲ ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೆ ನಿಮ್ಮ ಮಗಳು ಇನ್ನೊಂದು ಸಲ ಕ್ರೂಸ್ ಅಂತ ಹಠ ಹಿಡಿಯುತ್ತಾಳೆ, ನೋಡಿ. ‘ಫ್ರಜೈಲ್’ ಸ್ಟಿಕ್ಕರ್ ಅಂಟಿಸಬೇಡಿ, ಆರು ಸಾವಿರ ಬ್ಯಾಗಿನ ನಡುವೆ ಅದನ್ನು ಯಾರೂ ಓದಲ್ಲ. ಪ್ಲಾಸ್ಟಿಕ್ ಸುತ್ತಿಸಿದರೆ ಏರ್‌ಪೋರ್ಟಿನಲ್ಲಿ ಸರಿ, ಹಡಗಿನಲ್ಲಿ ಸ್ಕ್ಯಾನರ್‌ನವರಿಗೆ ಅನುಮಾನ ಬಂದರೆ ಕತ್ತರಿಸಿ ನೋಡುತ್ತಾರೆ. ನಮ್ಮವರ ಬ್ಯಾಗಿನ ಬಗ್ಗೆ ಅನುಮಾನ ಯಾಕೆ ಬರುತ್ತದೆ ಗೊತ್ತಾ? ಇಸ್ತ್ರಿ ಪೆಟ್ಟಿಗೆ, ಕರೆಂಟಿನ ಕೆಟಲ್. ಬೆಂಕಿಯ ಭಯಕ್ಕೆ ಇವೆರಡನ್ನೂ ಹಡಗಿಗೆ ಬಿಡುವುದಿಲ್ಲ. ಬ್ಯಾಗು ಹಿಡಿದಿಟ್ಟು ನಿಮ್ಮನ್ನೇ ಕರೆಸುತ್ತಾರೆ. ಆ ಕೋಣೆಯಲ್ಲಿ ಇನ್ನೊಂದು ಸುತ್ತು ಎತ್ತಾಟ, ಎಳೆದಾಟ.

ಬ್ಯಾಗು ಕೊಳ್ಳುವುದಾದರೆ ನನ್ನ ಆಯ್ಕೆ ಹಳೇ ಕಾಲದ ಎರಡು ಚಕ್ರದ್ದು, ಚಕ್ರ ಅರ್ಧ ಒಳಗೆ ಕೂತಿರುವಂಥದ್ದು. ತಳ್ಳೋಕೆ ನಾಲ್ಕು ಚಕ್ರದಷ್ಟು ಸುಖವಿಲ್ಲ, ಆದರೆ ಕೇಜ್‌ನಲ್ಲಿ ಉಳಿದುಬರುತ್ತದೆ. ಗಟ್ಟಿ ಪೆಟ್ಟಿಗೆಯೇ ಬೇಕು ಅಂದರೆ ಒತ್ತಿದಾಗ ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಗುವುದನ್ನು ನೋಡಿ. ಪಾಲಿಕಾರ್ಬೊನೇಟ್, ಪಾಲಿಪ್ರೊಪಿಲೀನ್ ಹಾಗೆ ಬಾಗುತ್ತವೆ. ಅಗ್ಗದ ಎಬಿಎಸ್ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಸೀರೆಗಳನ್ನು ಅಂಗಡಿಯವರು ಕೊಡುವ ಪ್ಲಾಸ್ಟಿಕ್ ಕವರಿನಲ್ಲೇ ಒಂದೊಂದಾಗಿ ಇಡಿ, ಇಷ್ಟು ಮಾಡಿದ್ದರೆ ಈ ಪತ್ರದ ಅರ್ಧ ಇರುತ್ತಿರಲಿಲ್ಲ.

ಕೊನೆಯ ದಿನ ಬ್ಯಾಗು ಹೊರಗಿಡದೆ ನಿಮ್ಮದನ್ನು ನೀವೇ ಎಳೆದುಕೊಂಡು ಇಳಿಯುವ ಅವಕಾಶವೂ ಬಹಳ ಹಡಗುಗಳಲ್ಲಿ ಇರುತ್ತದೆ. ಬೇರೆಯವರ ಕೈ ತಾಗುವುದೇ ಇಲ್ಲ. ಆದರೆ ವಯಸ್ಸಾದವರ ಜೊತೆ, ಲಿಫ್ಟ್ ಮುಂದಿನ ಆ ಜನಜಂಗುಳಿಯಲ್ಲಿ ಐದು ಬ್ಯಾಗು ಅಂದರೆ ಕಷ್ಟ. ಅಷ್ಟೇ ಅಲ್ಲ, ಆಗ ಬ್ಯಾಗು ನಿಮ್ಮ ವಶದಲ್ಲಿದ್ದದ್ದು ಅಂತ ಆಗಿ, ಏನಾದರೂ ಆದರೆ ತಪ್ಪು ತೋರಿಸುವ ಹೊರೆಯೂ ನಿಮ್ಮ ಮೇಲೇ. ಸಣ್ಣ ಬ್ಯಾಗು, ಗಟ್ಟಿ ಮೊಣಕಾಲು ಇದ್ದವರಿಗೆ ಇದು ಸರಿ. ಉಳಿದವರು ಹೊರಗಿಡುವ ಮುಂಚೆ ಟ್ಯಾಗು ಕಾಣುವ ಹಾಗೆ ಒಂದು ಫೋಟೋ ತೆಗೆಯಲಿ. ಔಷಧಿ, ಪಾಸ್‌ಪೋರ್ಟ್ ಕೈಚೀಲದಲ್ಲಿರಲಿ. ಬೆಳಿಗ್ಗೆ ಹಾಲ್‌ನಲ್ಲಿ ಬ್ಯಾಗು ಸಿಕ್ಕ ಕೂಡಲೇ ಚಕ್ರ ಉರುಳಿಸಿ, ಹಿಡಿ ಎಳೆದು, ಝಿಪ್ ಮೇಲೆ ಕೈ ಆಡಿಸಿ ಒದ್ದೆ ಇದೆಯಾ ನೋಡಲಿ. ಏನಾದರೂ ಕಂಡರೆ ಅಲ್ಲೇ ಕೌಂಟರಿಗೆ ಹೋಗಿ ಬರೆಸಿ ನಂಬರ್ ತೆಗೆದುಕೊಳ್ಳಬೇಕು. ವಿಮಾನಕ್ಕೆ ತಡವಾಗುತ್ತಿದೆ, ಕೌಂಟರಿನಲ್ಲಿ ಯಾರೂ ಇಲ್ಲ ಅಂದರೆ ಫೋಟೋ ತೆಗೆದು ಆ ಹಾಲ್‌ನಿಂದಲೇ ಕಂಪನಿಗೆ ಎರಡು ಸಾಲಿನ ಮೇಲ್ ಕಳಿಸಿ. ಆ ಇ-ಮೇಲ್‌ನಲ್ಲಿರುವ ಸಮಯವೇ ಸಾಕ್ಷಿ. ನೀವು ಟ್ಯಾಕ್ಸಿಯ ಸಾಲಿನಲ್ಲಿ ನಿಂತಷ್ಟು ಹೊತ್ತೂ ಬೇಕಾಗುತ್ತಿರಲಿಲ್ಲ.

ಕೊನೆಗೆ ಆ ಸೂಟ್‌ಕೇಸ್. ಬ್ಯಾಗ್ ರಿಪೇರಿಯವರು ಕೆಲವು ನೂರು ರೂಪಾಯಿಗೆ ಚಕ್ರ ಹಾಕಿಕೊಡುತ್ತಾರೆ. ಮೂಲೆಯ ಬಿರುಕು ಮಾತ್ರ ಪೂರ್ತಿ ಸರಿಹೋಗಲ್ಲ. ಮೊದಲು ಅವರಿಂದ ರಿಪೇರಿ ಖರ್ಚಿನ ಅಂದಾಜನ್ನು ಕಾಗದದ ಮೇಲೆ ಬರೆಸಿಕೊಂಡು ಮೇಲಿಗೆ ಸೇರಿಸಿ. ಆದರೆ ಹಡಗಿನವರ ಎರಡನೇ ಉತ್ತರ ಬರುವ ತನಕ ರಿಪೇರಿ ಮಾಡಿಸಬೇಡಿ, ಗುಜರಿಗೂ ಹಾಕಬೇಡಿ. ಆ ಟ್ಯಾಗ್ ಸಮೇತ ಅಟ್ಟದ ಮೇಲೆ ಇಟ್ಟಿರಿ.